ಊರಿನ ವಾಚನಾಲಯದ ಪುಟಗಳನ್ನು ಮೇಷ್ಟ್ರೇ ತಿದ್ದಬೇಕು: ಬ್ರೌಸರ್‌ನಲ್ಲೇ ನಡೆಯುವ ಸರಳ ಎಡಿಟರ್ ಯಾವುದಿದೆ?

ಓದುಗೂಡು | ನವೆಂಬರ್ 6, ರಾತ್ರಿ 9:20

ಎಲ್ಲರಿಗೂ ನಮಸ್ಕಾರ.

ಸಿದ್ದಾಪುರ ತಾಲ್ಲೂಕಿನ ನಮ್ಮೂರಲ್ಲಿ ಒಂದು ಪುಟ್ಟ ವಾಚನಾಲಯ ಇದೆ. ಊರವರೇ ನಡೆಸುತ್ತಾರೆ. ಅದಕ್ಕೆ ನಾನೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಒಟ್ಟು ಹನ್ನೊಂದು ಪುಟ, ಎಲ್ಲವೂ ಕೈಯಲ್ಲಿ ಬರೆದ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಸಂಕೇತ ಭಾಷೆ). ಪುಟದ ಅಂದ ಹೇಳುವ ಒಂದು ಸಿಎಸ್‌ಎಸ್ ಫೈಲು, ಒಂದಷ್ಟು ಫೋಟೋ, ಅಷ್ಟೇ. ಮಳೆಗಾಲದಲ್ಲಿ ನೆಟ್ ತೆವಳುತ್ತಿರುವಾಗಲೂ ಪುಟ ಥಟ್ಟನೆ ತೆರೆಯುತ್ತದೆ. ಅದು ನನಗೆ ತುಂಬಾ ಇಷ್ಟ.

ಕಷ್ಟ ಇರುವುದು ತಿದ್ದುವುದರಲ್ಲಿ. ನಾನಿರುವುದು ಬೆಂಗಳೂರಲ್ಲಿ. ವಾಚನಾಲಯ ನೋಡಿಕೊಳ್ಳುವವರು ನಿವೃತ್ತ ಮೇಷ್ಟ್ರು. ಹೊಸ ಪುಸ್ತಕ ಬಂದರೆ ಕಾಗದದಲ್ಲಿ ಪಟ್ಟಿ ಬರೆದು, ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ನಾನು ಟೈಪ್ ಮಾಡಿ ಹಾಕುತ್ತೇನೆ. ಈ ಸಲ ರಾಜ್ಯೋತ್ಸವದ ದಿನ ಮಕ್ಕಳ ಓದಿನ ಕಾರ್ಯಕ್ರಮ ಇತ್ತು. ಹಿಂದಿನ ರಾತ್ರಿ ಅದು ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಹೋಯಿತು. ಮೇಷ್ಟ್ರು ಮೆಸೇಜ್ ಮಾಡಿದ್ದರು, ನಾನು ಬಸ್ಸಿನಲ್ಲಿ ನಿದ್ದೆ ಮಾಡಿದ್ದೆ. ಬೆಳಗ್ಗೆ ಎಂಟು ಮಕ್ಕಳು ಬಂದು, ಬಾಗಿಲು ಹಾಕಿದ್ದು ನೋಡಿ ವಾಪಸ್ ಹೋದರಂತೆ. ಅದು ಮನಸ್ಸಿನಲ್ಲಿ ಕೊರೆಯುತ್ತಾ ಇದೆ.

ಮೇಷ್ಟ್ರಿಗೆ ಕಂಪ್ಯೂಟರ್ ಹೊಸದಲ್ಲ. ನುಡಿ ತಂತ್ರಾಂಶದಲ್ಲಿ ಚೆನ್ನಾಗಿ ಟೈಪ್ ಮಾಡುತ್ತಾರೆ, ಮೇಲ್ ಕಳಿಸುತ್ತಾರೆ. ಎಚ್‌ಟಿಎಂಎಲ್ ಗೊತ್ತಿಲ್ಲ, ಕಲಿಯಬೇಕಾದ ಅಗತ್ಯವೂ ಅವರಿಗಿಲ್ಲ. ಬ್ರೌಸರ್ ತೆರೆಯಬೇಕು, ಮಾತು ತಿದ್ದಬೇಕು, ಸೇವ್ ಒತ್ತಬೇಕು. ಇಷ್ಟು ಮಾಡುವ ಎಡಿಟರ್ ಬೇಕು. ವಾಚನಾಲಯದ ಕಂಪ್ಯೂಟರ್ ಹಳೆಯದು, ಅದರಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಲು ಇಷ್ಟವಿಲ್ಲ.

ಡೇಟಾಬೇಸ್ ಇರುವ ವ್ಯವಸ್ಥೆ ದಯವಿಟ್ಟು ಬೇಡ. ಐದು ವರ್ಷದ ಹಿಂದೆ ಒಂದಿತ್ತು. ನಾನು ಅಪ್‌ಡೇಟ್ ಮಾಡದೆ ಬಿಟ್ಟೆ, ಯಾರೋ ಒಳಗೆ ನುಗ್ಗಿ ಔಷಧಿ ಮಾರುವ ಜಾಹೀರಾತು ತುಂಬಿದ್ದರು. ಅದನ್ನು ತೊಳೆದ ಮೇಲೇ ಸಾದಾ ಪುಟಗಳಿಗೆ ಬಂದಿದ್ದು.

---

ಬರಹಬಂಡಿ | ನವೆಂಬರ್ 6, ರಾತ್ರಿ 10:05

ಹೋಸ್ಟಿಂಗ್‌ನಲ್ಲಿ ಸಿಪ್ಯಾನೆಲ್ (ಬ್ರೌಸರ್‌ನಲ್ಲೇ ಸೈಟ್ ನಿಭಾಯಿಸುವ ಫಲಕ) ಇದೆಯಾ? ಇದ್ದರೆ ಹೊಸದೇನೂ ಬೇಕಾಗಿಲ್ಲ. ಅದರ ಫೈಲ್ ಮ್ಯಾನೇಜರ್‌ನಲ್ಲಿ ಫೈಲ್ ಆರಿಸಿದರೆ ಮೇಲೆ ಎಡಿಟ್ ಅಂತ ಬರುತ್ತದೆ. ಎಚ್‌ಟಿಎಂಎಲ್ ಎಡಿಟರ್ ಅಂತ ಇನ್ನೊಂದೂ ಇದೆ. ಅದರಲ್ಲಿ ಟ್ಯಾಗ್ (ಎಚ್‌ಟಿಎಂಎಲ್ ಗುರುತು) ಕಾಣದೆ ವರ್ಡ್ ಥರ ತಿದ್ದಬಹುದು.

ಒಂದು ಕಡೆ ಹುಷಾರು. ಎಡಿಟ್ ಒತ್ತಿದಾಗ ಫೈಲಿನ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮ) ಯಾವುದು ಅಂತ ಒಂದು ಪುಟ್ಟ ಕಿಟಕಿ ಕೇಳುತ್ತದೆ. ಅಲ್ಲಿ ಯುಟಿಎಫ್-8 ಇದೆಯಾ ಅಂತ ನೋಡಿಯೇ ಮುಂದೆ ಹೋಗಿ. ಬೇರೆ ಇದ್ದರೆ ಕನ್ನಡವೆಲ್ಲ ಕೆಟ್ಟುಹೋಗುತ್ತದೆ. ಕೆಟ್ಟಿದೆ ಅಂತ ಗುರುತಿಸುವುದೂ ಸುಲಭ. ತಲೆ ಮೇಲೆ ಗೀರಿರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಅಂಟಿದ ಪುಟ್ಟ 2 ಅಥವಾ ಪುಟ್ಟ 3, ಇದೇ ಸಾಲುಸಾಲಾಗಿ ಕಾಣುತ್ತದೆ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಎಡಿಟರ್ ತಪ್ಪು ತಿಳಿದು ಮೂರನ್ನೂ ಬೇರೆ ಬೇರೆ ಅಕ್ಷರ ಅಂತ ಓದಿದರೆ ಹೀಗಾಗುತ್ತದೆ. ಆ ಸ್ಥಿತಿಯಲ್ಲಿ ಸೇವ್ ಮಾತ್ರ ಒತ್ತಬೇಡಿ. ಸುಮ್ನೆ ಮುಚ್ಚಿ ಮತ್ತೆ ತೆರೆಯಿರಿ.

---

ಓದುಗೂಡು | ನವೆಂಬರ್ 7, ಬೆಳಗ್ಗೆ 7:15

ಧನ್ಯವಾದ. ಸಿಪ್ಯಾನೆಲ್ ಇದೆ, ಕಳೆದ ವರ್ಷ ಇದನ್ನೇ ಮಾಡಿ ನೋಡಿದ್ದೆ. ಎರಡು ಕಾರಣಕ್ಕೆ ಬಿಟ್ಟೆ.

ಮೇಷ್ಟ್ರು ಒಂದು ಹಳೇ ಸೂಚನೆಯನ್ನು ಅಳಿಸುವಾಗ ಅದರ ಕೆಳಗಿದ್ದ ಒಂದು ಮುಚ್ಚುವ ಡಿವ್ ಟ್ಯಾಗೂ ಹೋಯಿತು. ಪುಟದ ಅಡಿಯಲ್ಲಿರಬೇಕಾದ ವಿಳಾಸ ಬಲಗಡೆ ಹೋಗಿ ಕೂತಿತು. ಅವರು ಗಾಬರಿಯಾಗಿ ಫೋನ್ ಮಾಡಿ, 'ತಮ್ಮಾ, ನಾ ಏನೋ ಹಾಳು ಮಾಡಿದೆ' ಅಂದರು. ಅದಾದ ಮೇಲೆ ಮುಟ್ಟಲೇ ಇಲ್ಲ. ನಿಜ ಹೇಳಬೇಕೆಂದರೆ ತಪ್ಪು ಅವರದಲ್ಲ. ಮೂರು ಸಾಲು ತಿದ್ದಬೇಕಾದವರ ಮುಂದೆ ಇನ್ನೂರು ಸಾಲು ಇಟ್ಟಿದ್ದು ನಾನು.

ಎರಡನೆಯದು ಪಾಸ್‌ವರ್ಡ್. ಸಿಪ್ಯಾನೆಲ್ ಕೊಟ್ಟರೆ ಮೇಲ್, ಡೊಮೈನ್, ಬ್ಯಾಕಪ್ ಎಲ್ಲದರ ಬೀಗದ ಕೈಯೂ ಕೊಟ್ಟ ಹಾಗೆ.

---

ಸೋನೆಮಳೆ | ನವೆಂಬರ್ 7, ಬೆಳಗ್ಗೆ 8:40

ಗೂಗಲ್ ಸೈಟ್ಸ್ ಸಾಕಲ್ವಾ? ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳ ಪುಟ ಅದರಲ್ಲೇ ಇದೆ. ಎಳೆದು ಬಿಡುವುದು, ಬರೆಯುವುದು, ಪಬ್ಲಿಷ್ ಒತ್ತುವುದು. ಬೇರೇನೂ ಇಲ್ಲ.

---

ಓದುಗೂಡು | ನವೆಂಬರ್ 7, ಬೆಳಗ್ಗೆ 9:02

ಹೊಸದಾಗಿ ಶುರು ಮಾಡುವವರಿಗೆ ಅದು ಒಳ್ಳೆಯದೇ. ನಮ್ಮದು ಈಗಾಗಲೇ ಬರೆದಿಟ್ಟ ಎಚ್‌ಟಿಎಂಎಲ್ ಪುಟಗಳು, ಅವನ್ನು ತಂದು ಅಲ್ಲಿ ಕೂರಿಸಲು ಬರುವುದಿಲ್ಲ. ಫೈಲು ನಮ್ಮ ಕೈಯಲ್ಲಿ ಇರಬೇಕು ಅನ್ನುವ ಆಸೆಯೂ ಇದೆ.

---

ಹಳೇಬೇರು | ನವೆಂಬರ್ 7, ಮಧ್ಯಾಹ್ನ 1:30

ಈ ಪ್ರಶ್ನೆ ನೋಡಿ ಬರೆಯದೆ ಇರಲಾಗಲಿಲ್ಲ. ನಿಮ್ಮ ಮೇಷ್ಟ್ರಿಗೆ ಬೇಕಾದದ್ದು ವೆಬ್ ಹುಟ್ಟಿದಾಗಲೇ ಇತ್ತು.

ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ 1990ರಲ್ಲಿ ನೆಕ್ಸ್ಟ್ ಕಂಪ್ಯೂಟರ್ ಮೇಲೆ ಬರೆದ ಮೊದಲ ಬ್ರೌಸರ್ ಓದುವುದಕ್ಕೂ ಆಗುತ್ತಿತ್ತು, ತಿದ್ದುವುದಕ್ಕೂ ಆಗುತ್ತಿತ್ತು. ಪುಟ ತೆರೆದ ಕಿಟಕಿಯಲ್ಲೇ ಬರೆಯಬಹುದಿತ್ತು. ಆಮೇಲೆ 1993ರಲ್ಲಿ ಮೊಸೈಕ್ ಬಂತು. ಜನ ಮುಗಿಬಿದ್ದದ್ದು ಅದಕ್ಕೆ, ಅದು ಓದಲು ಮಾತ್ರ. ತಿದ್ದುವ ಭಾಗ ಅಲ್ಲಿಂದ ಬೇರೆ ದಾರಿ ಹಿಡಿಯಿತು. ವೆಬ್‌ನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ 1996ರಲ್ಲಿ ಅಮಾಯಾ ಅಂತ ಬ್ರೌಸರೂ ಎಡಿಟರೂ ಒಂದೇ ಆಗಿರುವ ಪ್ರೋಗ್ರಾಂ ತಂದಿತು. 2012ರಲ್ಲಿ ಅದರ ಕೊನೆಯ ಆವೃತ್ತಿ ಬಂತು. 1997ರ ನೆಟ್‌ಸ್ಕೇಪ್ ಕಮ್ಯುನಿಕೇಟರ್ ಜೊತೆ ಕಂಪೋಸರ್ ಇತ್ತು. ಅದರ ಕುಡಿ ಸೀಮಂಕಿ ಅನ್ನುವ ಬ್ರೌಸರ್ ಒಳಗೆ ಇನ್ನೂ ಇದೆ. ನಾನು ಪುಟ ಮಾಡಲು ಕಲಿತದ್ದು ಕಂಪೋಸರ್‌ನಲ್ಲೇ, ಒಂದು ಸೈಬರ್ ಕೆಫೆಯಲ್ಲಿ ಕೂತು.

ಈಗಲೂ ಪ್ರತಿ ಬ್ರೌಸರ್ ಒಳಗೆ ಆ ಶಕ್ತಿ ಇದೆ. ಒಂದು ಪ್ರಯೋಗ ಮಾಡಿ ನೋಡಿ. ಯಾವುದಾದರೂ ಪುಟ ತೆರೆದು ಎಫ್12 ಒತ್ತಿ, ಕನ್ಸೋಲ್‌ಗೆ (ಬ್ರೌಸರ್‌ಗೆ ಆಜ್ಞೆ ಬರೆಯುವ ಜಾಗಕ್ಕೆ) ಹೋಗಿ. ಡಾಕ್ಯುಮೆಂಟ್ ಡಾಟ್ ಡಿಸೈನ್‌ಮೋಡ್ ಅಂತ ಬರೆದು, ಈಕ್ವಲ್ ಚಿಹ್ನೆ ಹಾಕಿ, ಉದ್ಧರಣ ಚಿಹ್ನೆಯ ಒಳಗೆ ಆನ್ ಅಂತ ಬರೆದು ಎಂಟರ್ ಒತ್ತಿ. ಡಿಸೈನ್‌ಮೋಡ್‌ನಲ್ಲಿ ಎಂ ಮಾತ್ರ ದೊಡ್ಡಕ್ಷರ. ಈಗ ಪುಟದ ಯಾವ ಪದದ ಮೇಲೆ ಕ್ಲಿಕ್ ಮಾಡಿದರೂ ಕರ್ಸರ್ ಮಿಣುಕುತ್ತದೆ. ಅಳಿಸಬಹುದು, ಬರೆಯಬಹುದು. ಒಂದು ತುಂಡನ್ನಷ್ಟೇ ತಿದ್ದುವಂತೆ ಮಾಡುವ ಕಂಟೆಂಟ್‌ಎಡಿಟಬಲ್ ಅನ್ನುವ ಗುಣವೂ ಇದೆ. ಅದು 2000ದಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5.5ರ ಜೊತೆ ಬಂದದ್ದು. ಇವತ್ತಿನ ಬಹುಪಾಲು ವೆಬ್ ಎಡಿಟರ್‌ಗಳಿಗೆ ಅದೇ ಬುನಾದಿ.

ಆದರೆ ಸೇವ್ ಮಾಡಲು ಹೋದಾಗ ತೊಡಕು. ಕ್ರೋಮ್‌ನಲ್ಲಿ 'ಎಚ್‌ಟಿಎಂಎಲ್ ಮಾತ್ರ' ಅಂತ ಸೇವ್ ಮಾಡಿದರೆ ಸರ್ವರ್‌ನಿಂದ ಬಂದ ಹಳೇ ಪುಟವೇ ಉಳಿಯುತ್ತದೆ, ನೀವು ಬರೆದದ್ದು ಇರುವುದಿಲ್ಲ. 'ಪೂರ್ತಿ ಪುಟ' ಅಂತ ಮಾಡಿದರೆ ತಿದ್ದಿದ್ದು ಉಳಿಯುತ್ತದೆ, ಆದರೆ ಚಿತ್ರಗಳ ದಾರಿಯೆಲ್ಲ ಬದಲಾಗಿ ಪಕ್ಕದಲ್ಲೊಂದು ಹೊಸ ಫೋಲ್ಡರ್ ಹುಟ್ಟುತ್ತದೆ. ಎರಡರಲ್ಲೂ ಫೈಲು ಇರುವುದು ನಿಮ್ಮ ಕಂಪ್ಯೂಟರ್‌ನಲ್ಲಿ, ಸರ್ವರ್‌ನಲ್ಲಿ ಅಲ್ಲ.

ಹಾಗಾಗಿ ಬರೆಯುವ ಜಾಗ ಎಲ್ಲ ಕಡೆ ಸಿಗುತ್ತದೆ. ಬರೆದದ್ದನ್ನು ಸರ್ವರ್‌ಗೆ ಸೇರಿಸುವುದು ಯಾರು, ಬರೆದವರು ಇವರೇ ಅಂತ ಗುರುತು ಹಿಡಿಯುವುದು ಹೇಗೆ, ಅದನ್ನು ಕೇಳಿಕೊಂಡು ಹುಡುಕಿ.

---

ನೂಲೆಳೆ | ನವೆಂಬರ್ 7, ಸಂಜೆ 6:50

ಎಡಿಟರ್ ಯಾವುದೇ ಆಗಲಿ, ಕೊಡುವ ಮೊದಲು ಕನ್ನಡದ ಪರೀಕ್ಷೆ ಮಾಡಿ. ಇದರಲ್ಲಿ ನಾನು ತುಂಬಾ ದಿನ ಕಳೆದಿದ್ದೇನೆ, ಅದಕ್ಕೆ ವಿವರವಾಗಿ ಹೇಳುತ್ತೇನೆ.

ಕೆಲವು ಎಡಿಟರ್‌ಗಳಲ್ಲಿ ಕನ್ನಡ ತೆರೆ ಮೇಲೆ ಚೆನ್ನಾಗಿ ಕಾಣುತ್ತದೆ. ಸೋರ್ಸ್ ತೆರೆದರೆ ಒಳಗೆ ಅಕ್ಷರವೇ ಇರುವುದಿಲ್ಲ. 'ಕನ್ನಡ' ಅಂತ ಬರೆದಿದ್ದರೆ ಒಳಗೆ ಹೀಗಿರುತ್ತದೆ:

ಕನ್ನಡ

ಓದುವವರಿಗೆ ಇದರಿಂದ ತೊಂದರೆ ಇಲ್ಲ. ಬ್ರೌಸರ್ ಸರಿಯಾಗಿ ತೋರಿಸುತ್ತದೆ. ಆದರೆ ನಾಳೆ ನೀವು ಫೈಲ್ ತೆರೆದು ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ. 15 ಬೈಟಿನ ಪದ 35 ಬೈಟ್ ಆಗಿರುತ್ತದೆ. ಕೈಯಲ್ಲಿ ತಿದ್ದುವುದಂತೂ ಆಗದ ಮಾತು.

ಇನ್ನೊಂದು ಕಣ್ಣಿಗೆ ಕಾಣದ ಅಕ್ಷರಗಳದ್ದು. 'ವೆಬ್‌ಸೈಟ್' ಅನ್ನುವುದರಲ್ಲಿ ಬ್ ಮತ್ತು ಸೈ ನಡುವೆ ಒಂದು ಕಾಣದ ಅಕ್ಷರ ಇದೆ. ಎಡಿಟರ್ ಅದನ್ನು ಕಸ ಅಂತ ತಿಳಿದು ಎಸೆದರೆ 'ವೆಬ್ಸೈಟ್' ಆಗುತ್ತದೆ. 'ರ‍್ಯಾಂಕ್' ಅನ್ನುವುದರ ಒಳಗೂ ಅಂಥದ್ದೊಂದು ಇದೆ. ಅದು ಹೋದರೆ ರ ಮಾಯವಾಗಿ ಯಾ ಪಕ್ಕ ಅರ್ಕಾವೊತ್ತು ಬಂದು ಕೂರುತ್ತದೆ, 'ರ್ಯಾಂಕ್' ಅಂತ. ನನ್ನ ಪರೀಕ್ಷೆ ಸುಲಭದ್ದು. 'ನಮ್ಮ ವೆಬ್‌ಸೈಟ್‌ನಲ್ಲಿ ರ‍್ಯಾಂಕ್ ಪಟ್ಟಿ ಇದೆ' ಅಂತ ಒಂದು ಸಾಲು ಬರೆಯುತ್ತೇನೆ. ಸೇವ್ ಮಾಡುತ್ತೇನೆ, ಮುಚ್ಚುತ್ತೇನೆ, ಮತ್ತೆ ತೆರೆದು ಇನ್ನೊಂದು ಸಲ ಸೇವ್ ಮಾಡುತ್ತೇನೆ. ಎರಡನೇ ಸಲವೂ ಸಾಲು ಹಾಗೇ ಇದ್ದರೆ ಆ ಎಡಿಟರ್‌ಗೆ ಪಾಸ್. ಒಂದೇ ಸಲ ನೋಡಿದರೆ ಸಾಲದು, ಕೆಲವು ಎಡಿಟರ್‌ಗಳು ಕೆಡಿಸುವುದು ಮತ್ತೆ ತೆರೆದಾಗ.

ಮೇಷ್ಟ್ರು ನುಡಿ ಬಳಸುತ್ತಾರೆ ಅಂದಿರಿ. ಯೂನಿಕೋಡ್ ಆಯ್ಕೆಯಲ್ಲಿ ಟೈಪ್ ಮಾಡುತ್ತಾರಾ ಅಂತ ಕೇಳಿ ನೋಡಿ. ಹಳೇ ನುಡಿ ಫಾಂಟಿನ ಬರಹವನ್ನು ತಂದು ಅಂಟಿಸಿದರೆ ವೆಬ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತನೆ ಮಾಡಿಕೊಳ್ಳಬೇಕು. ವರ್ಡ್‌ನಿಂದ ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತುವುದನ್ನು ಅಭ್ಯಾಸ ಮಾಡಿಸಿ. ಬರೀ ಮಾತು ಬರುತ್ತದೆ, ವರ್ಡ್‌ನ ಫಾಂಟು ಬಣ್ಣ ಯಾವುದೂ ಹಿಂದೆ ಬರುವುದಿಲ್ಲ.

---

ಕಾಡಂಚು | ನವೆಂಬರ್ 7, ರಾತ್ರಿ 11:10

ನೀವು 'ಮೂರು ಸಾಲು ತಿದ್ದಬೇಕಾದವರ ಮುಂದೆ ಇನ್ನೂರು ಸಾಲು' ಅಂದಿರಲ್ಲ, ನಿಮಗೆ ಬೇಕಾದ ಉತ್ತರ ಅದರಲ್ಲೇ ಇದೆ ಅಂತ ನನಗನ್ನಿಸುತ್ತದೆ. ಎಡಿಟರ್ ಹುಡುಕುವ ಮೊದಲು ಪುಟವನ್ನೇ ಬಿಡಿಸಿ ನೋಡೋಣ.

ಹನ್ನೊಂದು ಪುಟದಲ್ಲಿ ನಿಜವಾಗಿ ಬದಲಾಗುವುದು ಏನು? ತೆರೆಯುವ ಸಮಯ, ಹೊಸ ಪುಸ್ತಕಗಳ ಪಟ್ಟಿ, ಒಂದು ಸೂಚನೆ. ವಾಚನಾಲಯದ ಇತಿಹಾಸದ ಪುಟ ವರ್ಷಕ್ಕೊಮ್ಮೆ ಬದಲಾದರೆ ಹೆಚ್ಚು. ಹಾಗಿದ್ದರೆ ಆ ಮೂರನ್ನು ಪುಟದಿಂದ ಹೊರಗೆ ತೆಗೆದು ಬೇರೆ ಫೈಲಿನಲ್ಲಿ ಇಡಿ. ಮೇಷ್ಟ್ರಿಗೆ ಅಷ್ಟನ್ನೇ ತೋರಿಸಿ.

ಇದಕ್ಕೆ ಗಿಟ್‌ಹಬ್ ಪೇಜಸ್ ಚೆನ್ನಾಗಿ ಹೊಂದುತ್ತದೆ. ಗಿಟ್‌ಹಬ್ ಅಂದರೆ ಕೋಡ್ ಫೈಲುಗಳನ್ನು ಇಡುವ ತಾಣ, ಪೇಜಸ್ ಅದರ ವೆಬ್‌ಸೈಟ್ ಸೇವೆ. ಪುಟಗಳನ್ನು ಉಚಿತವಾಗಿ ಇಡಬಹುದು. ಒಂದು ಸೈಟ್ 1 ಜಿಬಿ ಒಳಗಿರಬೇಕು, ತಿಂಗಳಿಗೆ 100 ಜಿಬಿ ಓಡಾಟದ ಮಿತಿ ಇದೆ. ವಾಚನಾಲಯಕ್ಕೆ ಅದು ಧಾರಾಳ. ನಿಮ್ಮ ಡೊಮೈನ್ ಹೆಸರನ್ನೇ ಜೋಡಿಸಬಹುದು, ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ತಾನಾಗಿ ಸಿಗುತ್ತದೆ. ಅದರೊಳಗೆ ಫೈಲುಗಳಿಂದ ಪುಟ ಕಟ್ಟುವ ಜೆಕಿಲ್ ಅನ್ನುವ ಪ್ರೋಗ್ರಾಂ ಮೊದಲೇ ಕೂತಿದೆ, ನೀವೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಎಚ್‌ಟಿಎಂಎಲ್ ಫೈಲಿನ ತಲೆಯಲ್ಲಿ ಮೂರು ಅಡ್ಡಗೆರೆಯ ಒಂದು ಸಾಲು, ಅದರ ಕೆಳಗೆ ಅಂಥದ್ದೇ ಇನ್ನೊಂದು ಸಾಲು ಹಾಕಿದರೆ ಸಾಕು. ಜೆಕಿಲ್ ಆ ಪುಟವನ್ನು ಕೈಗೆತ್ತಿಕೊಳ್ಳುತ್ತದೆ. ಪುಸ್ತಕದ ಪಟ್ಟಿಯನ್ನು ಡೇಟಾ ಫೋಲ್ಡರಿನ ಫೈಲಿನಿಂದ ಓದಿ ಪುಟದೊಳಗೆ ತುಂಬುತ್ತದೆ. ಹೊರಗೆ ಬರುವುದು ಮಾಮೂಲಿ ಎಚ್‌ಟಿಎಂಎಲ್ಲೇ, ನೆಟ್ ನಿಧಾನ ಇದ್ದರೂ ಥಟ್ಟನೆ ತೆರೆಯುವಂಥದ್ದು.

ತಿದ್ದುವ ಸರಳ ದಾರಿ ಗಿಟ್‌ಹಬ್‌ನಲ್ಲೇ ಇದೆ. ಫೈಲ್ ತೆರೆದರೆ ಬಲಗಡೆ ಪೆನ್ಸಿಲ್ ಚಿತ್ರ. ಒತ್ತಿ, ತಿದ್ದಿ, ಹಸಿರು ಗುಂಡಿ ಒತ್ತಿದರೆ ಆಯಿತು. ಸಾಮಾನ್ಯವಾಗಿ ಒಂದೆರಡು ನಿಮಿಷ, ತಡವಾದರೆ ಹತ್ತು ನಿಮಿಷದಲ್ಲಿ ಪುಟ ಬದಲಾಗುತ್ತದೆ. ಹಳೇ ರೂಪ ಅಳಿಯುವುದಿಲ್ಲ. ಏನು ಕೆಟ್ಟರೂ ಹಿಂದಕ್ಕೆ ಹೋಗಬಹುದು. ಕಳೆದ ವರ್ಷ ಮೇಷ್ಟ್ರು ಗಾಬರಿಯಾದಾಗ ಈ ಅನುಕೂಲ ಇದ್ದಿದ್ದರೆ ಅವರು ಕೈಬಿಡುತ್ತಿರಲಿಲ್ಲ ಅನ್ನಿಸುತ್ತದೆ.

ಆದರೆ ಡೇಟಾ ಫೈಲನ್ನು ಕೈಯಲ್ಲಿ ತಿದ್ದುವಾಗಲೂ ಒಂದು ಅಪಾಯ ಇದೆ. ಅದು ಯಾಮಲ್ ಅನ್ನುವ ರೂಪದಲ್ಲಿರುತ್ತದೆ. 'ಸೂಚನೆ: ನಾಳೆ ರಜೆ' ಅಂತಿದ್ದರೆ ಸರಿ. 'ಸೂಚನೆ: ಹೊಸ ಸಮಯ: ಬೆಳಗ್ಗೆ 10' ಅಂತ ಎರಡನೇ ಕೋಲನ್ ಬಂತೋ, ಪುಟ ಕಟ್ಟುವುದೇ ನಿಂತುಹೋಗುತ್ತದೆ. ಕನ್ನಡದ ಸೂಚನೆಗಳಲ್ಲಿ ಕೋಲನ್ ಹಾಕುವುದು ನಮಗೆಲ್ಲ ರೂಢಿ.

ಅದಕ್ಕೆ ಮೇಲೊಂದು ಫಾರ್ಮ್ ಇರಲಿ. ಪೇಜಸ್ ಸಿಎಂಎಸ್ ಅನ್ನುವ ಮುಕ್ತ ತಂತ್ರಾಂಶ ಇದೆ, ಬ್ರೌಸರ್‌ನಲ್ಲೇ ಓಡುತ್ತದೆ. ನಿಮ್ಮ ಗಿಟ್‌ಹಬ್ ಫೈಲುಗಳ ಜೊತೆ ಒಂದೇ ಒಂದು ಸೆಟ್ಟಿಂಗ್ ಫೈಲ್ ಇಡಬೇಕು. ಯಾವ ಫೈಲು, ಅದರಲ್ಲಿ ಯಾವ ಯಾವ ಖಾನೆ, ಖಾನೆಗೆ ಕನ್ನಡದಲ್ಲಿ ಏನು ಹೆಸರು ಅಂತ ಅದರಲ್ಲಿ ಬರೆಯುತ್ತೀರಿ. ಮೇಷ್ಟ್ರಿಗೆ ಕಾಣುವುದು 'ಪುಸ್ತಕದ ಹೆಸರು', 'ಬರೆದವರು', 'ಬಂದ ದಿನ' ಅನ್ನುವ ಖಾನೆ, ಕೆಳಗೆ ಸೇವ್ ಗುಂಡಿ. ಕೋಲನ್ ಬಂದರೆ ಅದೇ ಉದ್ಧರಣ ಚಿಹ್ನೆ ಹಾಕಿಕೊಳ್ಳುತ್ತದೆ. ಅವರಿಗೆ ಗಿಟ್‌ಹಬ್ ಖಾತೆಯೂ ಬೇಡ. ನೀವು ಅವರ ಮೇಲ್ ವಿಳಾಸಕ್ಕೆ ಆಹ್ವಾನ ಕಳಿಸಿದರೆ ಸಾಕು.

ಈ ಕೊನೆಯದು ಸಣ್ಣ ವಿಷಯ ಅಲ್ಲ. ಗಿಟ್‌ಹಬ್‌ನಲ್ಲಿ ಕೋಡ್ ಸೇರಿಸುವವರಿಗೆ ಎರಡು ಹಂತದ ಲಾಗಿನ್ ಕಡ್ಡಾಯವಾಗಿದೆ. ಪಾಸ್‌ವರ್ಡ್ ಆದ ಮೇಲೆ ಮೊಬೈಲ್ ಆಪ್ ನೋಡಿ ಆರಂಕಿ ಹಾಕುವುದು ನಮಗೆ ರೂಢಿ. ಫೋನ್ ಬದಲಾಯಿಸಿ ಆ ಆಪ್ ಕಳೆದುಕೊಂಡ ಹಿರಿಯರೊಬ್ಬರಿಗೆ ಖಾತೆ ವಾಪಸ್ ಕೊಡಿಸಲು ನಾನು ಎರಡು ವಾರ ಓಡಾಡಿದ್ದೇನೆ.

---

ಹಳೇಬೇರು | ನವೆಂಬರ್ 8, ಬೆಳಗ್ಗೆ 6:30

ಕಾಡಂಚು ಅವರು ಹೇಳಿದ್ದು ಸರಿ ಇದೆ. ಒಂದು ಮಾತು ಸೇರಿಸುತ್ತೇನೆ. ಉಚಿತ ಸೇವೆ ಎಷ್ಟು ದಿನ ಇರುತ್ತದೋ ಹೇಳಲಾಗದು. ಉಚಿತವಾಗಿ ಪುಟ ಇಡಲು ಬಿಡುತ್ತಿದ್ದ ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಬ್ರೌಸರ್‌ನಲ್ಲೇ ಪುಟ ತಿದ್ದಿ ಅಲ್ಲೇ ಪ್ರಕಟಿಸುವ ಗ್ಲಿಚ್ ಅನ್ನು ಎಷ್ಟೋ ಮಕ್ಕಳು ಬಳಸುತ್ತಿದ್ದರು, ಅದೂ 2025ರ ಜುಲೈ 8ಕ್ಕೆ ಪುಟಗಳನ್ನು ಇಟ್ಟುಕೊಳ್ಳುವುದನ್ನು ನಿಲ್ಲಿಸಿತು. ಸಾದಾ ಪುಟದ ದೊಡ್ಡ ಬಲ ಏನೆಂದರೆ ಫೋಲ್ಡರ್ ಎತ್ತಿಕೊಂಡು ಬೇರೆ ಕಡೆ ಇಟ್ಟರೂ ನಡೆಯುತ್ತದೆ. ತಿಂಗಳಿಗೊಮ್ಮೆ ಇಡೀ ಸೈಟನ್ನು ಜಿಪ್ ಮಾಡಿ ಇಳಿಸಿ ವಾಚನಾಲಯದ ಕಂಪ್ಯೂಟರ್‌ನಲ್ಲಿ ಇಡಿ. ಜೆಕಿಲ್ ಕಟ್ಟಿಕೊಟ್ಟ ಎಚ್‌ಟಿಎಂಎಲ್ಲೂ ಅದರ ಜೊತೆ ಇರಲಿ. ಬರೀ ಮೂಲ ಫೈಲು ಇದ್ದರೆ ಅದನ್ನು ಪುಟ ಮಾಡಲು ಮತ್ತೆ ಜೆಕಿಲ್ ಬೇಕಾಗುತ್ತದೆ.

ಇನ್ನೊಂದು. ಉಚಿತ ಖಾತೆಯಲ್ಲಿ ಗಿಟ್‌ಹಬ್ ಪೇಜಸ್ ಬಳಸಬೇಕಾದರೆ ಮೂಲ ಫೈಲುಗಳು ಎಲ್ಲರಿಗೂ ಕಾಣುವಂತೆ ಇರಬೇಕು. ಹಳೇ ರೂಪವೂ ಉಳಿಯುತ್ತದೆ ಅಂದರಲ್ಲ, ಅದು ಎರಡು ಕಡೆ ಹರಿತ. ಸದಸ್ಯರ ಫೋನ್ ನಂಬರ್ ಪಟ್ಟಿಯನ್ನು ಒಂದು ಸಲ ಹಾಕಿ ಆಮೇಲೆ ಅಳಿಸಿದರೂ ಅದು ಇತಿಹಾಸದಲ್ಲಿ ಇದ್ದೇ ಇರುತ್ತದೆ. ಮೇಷ್ಟ್ರಿಗೆ ಇದನ್ನು ಮೊದಲೇ ಹೇಳಿಬಿಡಿ.

---

ಗುಬ್ಬಿಗೂಡು | ನವೆಂಬರ್ 8, ಬೆಳಗ್ಗೆ 10:15

ಡಿಕ್ಯಾಪ್ ಸಿಎಂಎಸ್ ಹೆಸರು ಯಾರೂ ಹೇಳಲಿಲ್ಲ. ಮೊದಲು ನೆಟ್ಲಿಫೈ ಸಿಎಂಎಸ್ ಅಂತ ಇದ್ದದ್ದು, 2023ರಲ್ಲಿ ಹೆಸರು ಬದಲಾಯಿತು. ಅದೂ ಇದೇ ಥರದ್ದು. ಬರೆದದ್ದನ್ನು ಕರಡಾಗಿ ಇಟ್ಟು, ಇನ್ನೊಬ್ಬರು ನೋಡಿದ ಮೇಲೆ ಪ್ರಕಟಿಸುವ ವ್ಯವಸ್ಥೆ ಅದರಲ್ಲಿ ಚೆನ್ನಾಗಿದೆ. ನಾಲ್ಕೈದು ಜನ ಬರೆಯುವ ಕಡೆ ಬೇಕಾಗುತ್ತದೆ.

---

ಕಾಡಂಚು | ನವೆಂಬರ್ 8, ಬೆಳಗ್ಗೆ 11:40

ಹೌದು, ನಾನೂ ಒಂದು ಕಡೆ ಬಳಸುತ್ತಿದ್ದೇನೆ. ಇಲ್ಲಿ ಹೇಳದೆ ಬಿಟ್ಟದ್ದು ಲಾಗಿನ್ ಕಾರಣಕ್ಕೆ. ಸೈಟ್ ಗಿಟ್‌ಹಬ್ ಪೇಜಸ್‌ನಲ್ಲಿದ್ದರೆ ಡಿಕ್ಯಾಪ್‌ನ ಲಾಗಿನ್‌ಗೆ ನಡುವೆ ಇನ್ನೊಂದು ಸರ್ವರ್ ಬೇಕಾಗುತ್ತದೆ. ಒಬ್ಬ ಮೇಷ್ಟ್ರು, ಮೂರು ಖಾನೆ ಇರುವ ಕಡೆ ಅಷ್ಟು ಜಾಸ್ತಿ ಆಯಿತು.

---

ಸೋನೆಮಳೆ | ನವೆಂಬರ್ 9, ಸಂಜೆ 5:20

ನನ್ನದೂ ಒಂದು ಪ್ರಶ್ನೆ ಸೇರಿಸುತ್ತೇನೆ. ನನ್ನ ಮಗಳಿಗೆ ಹನ್ನೆರಡು ವರ್ಷ. ಎಚ್‌ಟಿಎಂಎಲ್ ಕಲಿಯುವ ಆಸೆ ಅವಳಿಗೆ. ಅವಳಿಗೆ ಟ್ಯಾಗ್ ಕಾಣಬೇಕು, ಬ್ರೌಸರ್‌ನಲ್ಲೇ ಆಗಬೇಕು. ಯಾವುದು ಒಳ್ಳೆಯದು?

---

ಬರಹಬಂಡಿ | ನವೆಂಬರ್ 9, ರಾತ್ರಿ 8:00

ಮೇಡಂ, ಸದ್ಯಕ್ಕೆ ಪ್ರಕಟಿಸುವುದು ಬೇಡ, ಕಲಿತರೆ ಸಾಕು ಅನ್ನುವುದಾದರೆ ವಿಎಸ್‌ಕೋಡ್ ಡಾಟ್ ಡೆವ್ ಅನ್ನುವ ಬ್ರೌಸರ್ ಎಡಿಟರ್ ತೆರೆಯಿರಿ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ಕಂಪ್ಯೂಟರಿನ ಫೋಲ್ಡರನ್ನೇ ತೆರೆದು ತಿದ್ದಬಹುದು. ಫೈಲು ನಿಮ್ಮ ಮನೆಯಲ್ಲೇ ಇರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಹಾಗೆ ಫೋಲ್ಡರ್ ತೆರೆಯಲು ಆಗುವುದಿಲ್ಲ.

ಪ್ರಕಟಿಸುವ ಆಸೆ ಬಂದರೆ ನಿಯೋಸಿಟೀಸ್ ಇದೆ, 2013ರಲ್ಲಿ ಶುರುವಾದದ್ದು. ಜಿಯೋಸಿಟೀಸ್‌ನ ಹಳೇ ಹುಮ್ಮಸ್ಸು ಅಲ್ಲಿ ಮತ್ತೆ ಕಾಣುತ್ತದೆ. ಲಾಗಿನ್ ಆದರೆ ಫೈಲ್ ಪಟ್ಟಿ, ಪಕ್ಕದಲ್ಲೇ ಎಡಿಟರ್. ಅಲ್ಲೂ ಉಚಿತ ಜಾಗ 1 ಜಿಬಿ. ಅವಳ ವಯಸ್ಸಿಗೆ ನಿಮ್ಮ ಹೆಸರಿನಲ್ಲೇ ಖಾತೆ ಮಾಡಿ, ಜೊತೆಯಲ್ಲಿ ಕೂತುಕೊಳ್ಳಿ. ಮೊದಲ ಪುಟದಲ್ಲೇ ಅಕ್ಷರ ಸಂಕೇತ ಯುಟಿಎಫ್-8 ಅಂತ ಹೇಳುವ ಮೆಟಾ ಟ್ಯಾಗ್, ಭಾಷೆ ಕನ್ನಡ ಅಂತ ಹೇಳುವ ಲ್ಯಾಂಗ್ ಗುಣ ಎರಡನ್ನೂ ಬರೆಯಲು ಕಲಿಸಿ. ಆಮೇಲೆ ಅವಳು ಬಿಡುವುದಿಲ್ಲ.

---

ಓದುಗೂಡು | ನವೆಂಬರ್ 16, ರಾತ್ರಿ 10:30

ತಡವಾಗಿ ಬರೆಯುತ್ತಿದ್ದೇನೆ. ನಿನ್ನೆ ಊರಿಗೆ ಹೋಗಿದ್ದೆ, ಇವತ್ತು ಸಂಜೆ ವಾಪಸ್ ಬಂದೆ. ಕಾಡಂಚು ಅವರು ಹೇಳಿದ ಹಾಗೇ ಮಾಡಿದೆ.

ಪುಟ ಬಿಡಿಸುವುದಕ್ಕೆ ಎರಡು ರಾತ್ರಿ ಹಿಡಿಯಿತು. ಬಿಡಿಸಿದಾಗ ಗೊತ್ತಾಯಿತು, ತೆರೆಯುವ ಸಮಯವನ್ನು ನಾನು ನಾಲ್ಕು ಪುಟದಲ್ಲಿ ಬರೆದಿದ್ದೆ. ಒಂದು ಕಡೆ ಹಳೇ ಸಮಯವೇ ಇತ್ತು. ಈಗ ಒಂದೇ ಕಡೆ ತಿದ್ದಿದರೆ ನಾಲ್ಕರಲ್ಲೂ ಬದಲಾಗುತ್ತದೆ. ನೂಲೆಳೆ ಅವರ ಪರೀಕ್ಷೆಯ ಸಾಲನ್ನು ಎರಡು ಸಲ ಸೇವ್ ಮಾಡಿ ನೋಡಿದೆ. ವೆಬ್‌ಸೈಟೂ ರ‍್ಯಾಂಕೂ ಹಾಗೇ ಉಳಿದವು. ಗಿಟ್‌ಹಬ್‌ನಲ್ಲಿ ಫೈಲ್ ತೆರೆದು ನೋಡಿದರೆ ಶುದ್ಧ ಕನ್ನಡ ಅಕ್ಷರ. ತುಂಬಾ ಖುಷಿಯಾಯಿತು.

ಶನಿವಾರ ಬೆಳಗ್ಗೆ ಮೇಷ್ಟ್ರ ಪಕ್ಕ ಕೂತೆ. ಫಾರ್ಮ್ ತೆರೆದುಕೊಂಡಿತು. ಮೇಲೆ 'ಸೂಚನೆ', ಕೆಳಗೆ 'ತೆರೆಯುವ ಸಮಯ', ಆಮೇಲೆ 'ಹೊಸ ಪುಸ್ತಕಗಳು'. ಅವರು ಕನ್ನಡಕ ಸರಿ ಮಾಡಿಕೊಂಡು ಕೇಳಿದ ಮೊದಲ ಪ್ರಶ್ನೆ, 'ಬಾಕಿ ಎಲ್ಲಿ ಹೋಯಿತು?' ಬಾಕಿ ನಿಮಗೆ ಕಾಣುವುದಿಲ್ಲ ಮೇಷ್ಟ್ರೇ, ಮುಟ್ಟಿದರೂ ಹಾಳಾಗುವುದಿಲ್ಲ ಅಂದೆ. ಆಮೇಲೆ ನನ್ನ ಕೈಯನ್ನು ಮೌಸ್ ಮೇಲಿಂದ ತಾವೇ ಸರಿಸಿದರು.

ಪುಸ್ತಕ ಸೇರಿಸುವಾಗ ಒಂದು ತೊಂದರೆ ಬಂತು. ಮೇಷ್ಟ್ರ ಫೋನಿನಲ್ಲಿ ತೆಗೆದ ಮುಖಪುಟದ ಚಿತ್ರ 5 ಎಂಬಿ ಇತ್ತು. ಅಂಥ ನಾಲ್ಕು ಚಿತ್ರ ಬಿದ್ದರೆ ಮಳೆಗಾಲದಲ್ಲಿ ಪುಟ ತೆರೆಯುವುದೇ ಇಲ್ಲ. ಸ್ಕ್ವೂಶ್ ಅನ್ನುವ ಪುಟದಲ್ಲಿ ಚಿತ್ರ ಸಣ್ಣದು ಮಾಡುವುದನ್ನು ತೋರಿಸಿದೆ. ಅದೂ ಬ್ರೌಸರ್‌ನಲ್ಲೇ ಆಗುತ್ತದೆ, ಚಿತ್ರ ಹೊರಗೆಲ್ಲೂ ಹೋಗುವುದಿಲ್ಲ. ಅಗಲ 600 ಪಿಕ್ಸೆಲ್ ಇಟ್ಟೆವು, 60 ಕೆಬಿಗೆ ಇಳಿಯಿತು. ಇದು ಅವರಿಗೆ ಸ್ವಲ್ಪ ಕಷ್ಟವಾಗುತ್ತಿದೆ. ಹಾಗಾಗಿ ಮುಖಪುಟದ ಚಿತ್ರ ಬೇಕೇಬೇಕು ಅನ್ನುವ ನಿಯಮ ತೆಗೆದುಬಿಟ್ಟೆ. ಹೆಸರು, ಬರೆದವರು ಇದ್ದರೆ ಸಾಕು.

ಇನ್ನೊಂದು ಸಣ್ಣದು. ಹೊಸ ಪಟ್ಟಿಯಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿದ ಹಾಗೆ ಕಾಣುತ್ತಿದೆ. 'ಸಂಸ್ಕೃತಿ'ಯ ಕ ಒತ್ತೂ ಋ ಗುರುತೂ ಅರ್ಧ ಮಾಯ. ಯಾರಿಗಾದರೂ ಗೊತ್ತಾ?

---

ನೂಲೆಳೆ | ನವೆಂಬರ್ 17, ಬೆಳಗ್ಗೆ 7:05

ಸಿಎಸ್‌ಎಸ್‌ನಲ್ಲಿ ಪಟ್ಟಿಯ ಸಾಲಿನ ಎತ್ತರ ಎಷ್ಟಿದೆ ನೋಡಿ. ಇಂಗ್ಲಿಷ್‌ಗೆ ಅಂತ ಮಾಡಿದ ವಿನ್ಯಾಸಗಳಲ್ಲಿ 1.2 ಇರುತ್ತದೆ, ಕನ್ನಡಕ್ಕೆ ಅದು ಸಾಲುವುದಿಲ್ಲ. 1.7 ಇಡಿ. ಪೆಟ್ಟಿಗೆಗೆ ಇಷ್ಟೇ ಎತ್ತರ ಅಂತ ಕೊಟ್ಟು, ಮಿಕ್ಕಿದ್ದನ್ನು ಮುಚ್ಚಲು ಹೇಳಿದ್ದರೆ ಅದನ್ನೂ ತೆಗೆಯಿರಿ.

---

ಓದುಗೂಡು | ನವೆಂಬರ್ 17, ಸಂಜೆ 7:45

ಸರಿಹೋಯಿತು. ಅದೇ ಕಾರಣ, 1.2 ಇತ್ತು.

ಇವತ್ತು ಬೆಳಗ್ಗೆ 6:10ಕ್ಕೆ ಸೈಟಿನಲ್ಲಿ ಒಂದು ಬದಲಾವಣೆ ಆಗಿದೆ ಅಂತ ಮೇಲ್ ಬಂತು. ನಾನು ಏನೂ ಮಾಡಿರಲಿಲ್ಲ. ತೆರೆದು ನೋಡಿದರೆ ಸೂಚನೆಯ ಖಾನೆಯಲ್ಲಿ ಹೀಗಿತ್ತು: 'ಗುರುವಾರ ಬೇಗ ಮುಚ್ಚುತ್ತೇವೆ: ಸಂಜೆ 5 ಗಂಟೆಗೆ. ಪುಸ್ತಕ ಮರಳಿಸುವವರು ಅದಕ್ಕೆ ಮೊದಲು ಬನ್ನಿ.' ಕೋಲನ್ ಹಾಕಿದ್ದರು. ಪುಟ ಸರಿಯಾಗಿ ಬಂದಿತ್ತು.